ಗೋಥೆನ್‌ಬರ್ಗಿನ ಸತ್ಯಭಾಮೆ, ಮೂಡಲಗಿಯ ಟ್ರಾನ್ಸ್

ಮೊದಲು ಸಿಂಥಸೈಜರು. ಇದೇನು ಡಿಸ್ಕೊ ಹಾಡೇ ಅನ್ನುವಷ್ಟರಲ್ಲಿ ಅದರ ಬೆನ್ನ ಮೇಲೆ ಗಿಟಾರು ಬಿತ್ತು, ಡ್ರಮ್ಮಿನ ಜೋಡಿ ಪೆಡಲು ಎದೆಗೂಡಿನೊಳಗೇ ಓಡಲು ಶುರುವಿಟ್ಟಿತು. ಓಹೋ, ಇದು ಮೆಟಲ್ಲು ಎಂದು ಮನಸ್ಸು ತಿದ್ದಿಕೊಳ್ಳುವುದರೊಳಗೆ ಒಬ್ಬ ಗಂಡಸು ಪಾತಾಳದ ದನಿಯಲ್ಲಿ ಗುರುಗುಟ್ಟಿದ. ಆ ಗುರುಗಾಟ ಗಾಳಿಯಲ್ಲಿ ಇನ್ನೂ ತೂಗಾಡುತ್ತಿರುವಾಗಲೇ ಒಬ್ಬ ಹೆಣ್ಣುಮಗಳು, ಏನೂ ಆಗೇ ಇಲ್ಲವೆಂಬಂತೆ, ಸಿನಿಮಾ ಹಾಡಿನಷ್ಟು ಸಲೀಸಾಗಿ ಪಲ್ಲವಿ ಎತ್ತಿಕೊಂಡಳು. ಮರುಸಾಲಿಗೆ ಇನ್ನೊಬ್ಬ ಗಂಡಸು ತೆರೆದ ಗಂಟಲಿನಲ್ಲಿ ಅವಳ ಜೊತೆಗೂಡಿದ. ಮೂರು ಗಂಟಲು! ಒಂದೇ ಹಾಡು! ನಾಲ್ಕು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿದು, ಮುಂದಿನ ಹಾಡು ಬಾಗಿಲಲ್ಲೇ ನಿಂತಿದೆ!

ಆಲ್ಬಮ್ಮಿನ ಹೆಸರು ‘ಅಮರಾಂತ್’, ತಂಡದ ಹೆಸರೂ ಅದೇ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ 2008ರಲ್ಲಿ ಗಿಟಾರು ಮತ್ತು ಕೀಬೋರ್ಡ್ ನುಡಿಸುವ ಓಲೊಫ್ ಮೊರ್ಕ್, ಗಾಯಕ ಜೇಕ್ ಇ ಸೇರಿ ಕಟ್ಟಿದ ತಂಡ. ಅವರ ಜೊತೆಗೆ ಎಲೀಸ್ ರೀಡ್ ಎಂಬ ಗಾಯಕಿ. ಗುರುಗುಟ್ಟುವುದಕ್ಕೆಂದೇ ಆಂಡಿ ಸೊಲ್ವೆಸ್ಟ್ರೋಮ್. ಡ್ರಮ್ಮಿಗೆ ಮಾರ್ಟನ್ ಲೊವೆ ಸೊರೆನ್ಸನ್. ಬೇಸ್ ಗಿಟಾರಿಗೆ ಯೊಹಾನ್ ಆಂದ್ರೆಯಾಸನ್. ಡೆನ್ಮಾರ್ಕಿನ ಯಾಕೊಬ್ ಹಾನ್ಸನ್ ನಿರ್ಮಾಪಕ. 2011ರ ಏಪ್ರಿಲ್‌ನಲ್ಲಿ 12 ಹಾಡುಗಳ ಈ ಮೊದಲ ಆಲ್ಬಮ್ ಹೊರಬಂತು. ಲೆಕ್ಕ ನೋಡಿ: ಆರು ಜನರ ತಂಡದಲ್ಲಿ ಮೂವರು ಹಾಡುವವರೇ. ಮೆಟಲ್ ಲೋಕದಲ್ಲಿ ಒಬ್ಬ ಗಾಯಕನಿಗೆ ಇಬ್ಬರು ಗಿಟಾರಿನವರು ಇರುವುದು ವಾಡಿಕೆ. ಇಲ್ಲಿ ಅದು ತಲೆಕೆಳಗಾಗಿದೆ.

ಅದೇ ವರ್ಷದ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿತು. ಅದಕ್ಕೂ ಮೊದಲು, 2007ರ ಮಾರ್ಚಿನಲ್ಲಿ, ಅಲ್ಲೇ ಐರನ್ ಮೇಡನ್ ಬಂದುಹೋಗಿತ್ತು. 1998ರಿಂದಲೂ ಕ್ರಿಪ್ಟೋಸ್ ಎಂಬ ಬೆಂಗಳೂರಿನದೇ ತಂಡ ಮೆಟಲ್ ನುಡಿಸುತ್ತಿದೆ. ಹಾಗಾಗಿ ಕರ್ನಾಟಕದಲ್ಲಿ ಮೆಟಲ್ ಎಂದರೆ ಬೆಂಗಳೂರು, ಕಪ್ಪು ಅಂಗಿ, ಇಂಗ್ಲಿಷು ಎಂಬ ಎಣಿಕೆ. ನಾನೀಗ ಹೇಳಹೊರಟಿರುವುದು ಆ ಎಣಿಕೆಗೆ ನೂರಾರು ಕಿಲೋಮೀಟರು ಆಚೆಯ ಸಂಗತಿ. ಈ ಆಲ್ಬಮ್ಮನ್ನು ಕೇಳಿ ತಿಳಿಯಲು ಬೇಕಾದ ಕಿವಿ ಘಟಪ್ರಭೆಯ ದಂಡೆಯಲ್ಲಿ, ಹುಕ್ಕೇರಿ-ಗೋಕಾಕ-ಮೂಡಲಗಿಯ ಕಬ್ಬಿನ ಸೀಮೆಯಲ್ಲಿ, ಯಾವ ಕಾಲದಿಂದಲೋ ತಯಾರಾಗಿ ಕೂತಿದೆ. ನಂಬಿಕೆ ಬರುತ್ತಿಲ್ಲವೇ? ನನಗೂ ಬಂದಿರಲಿಲ್ಲ. ಆದರೆ ಒಂದೊಂದೇ ಎಳೆ ಬಿಡಿಸುತ್ತ ಹೋದಂತೆ ಮೈಮೇಲಿನ ಕೂದಲು ನಿಲ್ಲತೊಡಗಿದವು.

ಮೊದಲು ಟ್ರಾನ್ಸಿನ ಎಳೆ. 1990ರ ದಶಕದಲ್ಲಿ ಜರ್ಮನಿಯ ಡಾನ್ಸ್ ಕ್ಲಬ್ಬುಗಳಲ್ಲಿ ಬೆಳೆದ ಸಂಗೀತವಿದು. ನಿಮಿಷಕ್ಕೆ 130ರಿಂದ 140 ಪೆಟ್ಟು, ಒಂದೂ ತಪ್ಪದ ಡ್ರಮ್ಮಿನ ಕಿಕ್ಕು, ಅದರ ಮೇಲೆ ಅಲೆಯಲೆಯಾಗಿ ಏರುತ್ತ ಹೋಗಿ ಇನ್ನೇನು ಒಡೆಯಬೇಕು ಅನ್ನುವಾಗ ಒಡೆಯುವ ಸಿಂಥ್. ಆ ಸಿಂಥಿನ ದಟ್ಟತನದ ಗುಟ್ಟು ರೋಲ್ಯಾಂಡ್ ಕಂಪನಿಯ ಜೆಪಿ-8000 ಎಂಬ ಯಂತ್ರದಲ್ಲಿತ್ತು. ಅದರ ‘ಸೂಪರ್‌ಸಾ’ ಎಂಬ ದನಿಯಲ್ಲಿ ಒಂದು ಸ್ವರ ಒತ್ತಿದರೆ ಒಂದಲ್ಲ, ಏಳು ಅಲೆಗಳು ಏಳುತ್ತವೆ. ಏಳೂ ಒಂದೇ ಸ್ವರ. ಆದರೆ ಕೂದಲೆಳೆಯಷ್ಟು ಶ್ರುತಿ ತಪ್ಪಿಸಿಕೊಂಡ ಸ್ವರ. ಆ ತಪ್ಪಿನಿಂದಲೇ ದನಿ ನಡುಗುತ್ತದೆ, ಹರಡುತ್ತದೆ, ಆಕಾಶ ತುಂಬುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಡಬಲ್ ರೀಡಿನ ಪೇಟಿ. ಹಾರ್ಮೋನಿಯಮ್ಮನ್ನು ನಮ್ಮ ಕಡೆ ಪೇಟಿ ಅನ್ನುತ್ತಾರೆ, ನುಡಿಸುವವರು ಪೇಟಿ ಮಾಸ್ತರು. ಒಂದು ಮನೆ ಒತ್ತಿದರೆ ಒಂದಕ್ಕಿಂತ ಹೆಚ್ಚು ರೀಡು ನಡುಗುವ ಆ ಪೆಟ್ಟಿಗೆಗೆ ಕರೆಂಟೂ ಬೇಡ, ಜರ್ಮನಿಯೂ ಬೇಡ. ಒಂದು ಕೈ ಗಾಳಿ ಹಾಕಿದರೆ ಸಾಕು, ಬಯಲು ತುಂಬುತ್ತದೆ.

ಇನ್ನೊಂದು ಚಮತ್ಕಾರವಿದೆ. ಕಿಕ್ ಬಿದ್ದಾಗೆಲ್ಲ ಸಿಂಥ್ ಒಂದು ಕ್ಷಣ ತಾನಾಗಿ ತಗ್ಗಿ ದಾರಿ ಬಿಡುವಂತೆ ಜೋಡಿಸುತ್ತಾರೆ. ಸೌಂಡ್ ಎಂಜಿನಿಯರುಗಳ ಮಾತಿನಲ್ಲಿ ಸೈಡ್‌ಚೈನ್. ಅದರಿಂದ ಇಡೀ ಹಾಡೇ ಉಸಿರಾಡಿದ ಹಾಗೆ ಉಬ್ಬಿ ಇಳಿಯುತ್ತದೆ. ಮೆಟಲ್ಲಿಗೆ ಈ ವಿನಯ ಗೊತ್ತಿಲ್ಲ! ಅಲ್ಲಿ ಗಿಟಾರು ಯಾರಿಗೂ ದಾರಿ ಬಿಡುವುದಿಲ್ಲ, ಡ್ರಮ್ಮಿನ ಎರಡು ಪೆಡಲು ಕಿಕ್ಕಿನ ಸಂದಿಯನ್ನೆಲ್ಲ ತುಂಬಿಬಿಡುತ್ತವೆ. ಇವೆರಡನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದರೆ ಜಗಳ ಖಾತ್ರಿ. ‘ಅಮರಾಂತ್’ನಲ್ಲಿ ಮೊರ್ಕ್ ಮಾಡಿದ ಉಪಾಯ ಕೇಳಿದಷ್ಟೂ ಅಚ್ಚರಿ ತರಿಸುತ್ತದೆ: ಗಿಟಾರಿಗೆ ಓಡುವ ಕೆಲಸ ಕೊಟ್ಟು, ಸಿಂಥಿಗೆ ಹಾರುವ ಕೆಲಸ ಕೊಟ್ಟ. ‘ಆಟೊಮ್ಯಾಟಿಕ್’ ಹಾಡನ್ನು ಎರಡು ಸಲ ಹಚ್ಚಿ. ಒಮ್ಮೆ ಗಿಟಾರನ್ನೇ ಹಿಂಬಾಲಿಸಿ, ಇನ್ನೊಮ್ಮೆ ಸಿಂಥನ್ನೇ. ಎರಡು ಬೇರೆ ಹಾಡು ಕೇಳಿದ ಅನುಭವ ಆಗುತ್ತದೆ, ಆಣೆ ಮಾಡಿ ಹೇಳುತ್ತೇನೆ.

ಗೋಕಾಕದವರು ಇಲ್ಲಿ ಕರದಂಟನ್ನು ಎತ್ತಿ ಹೇಳುತ್ತಾರೆ ಎಂದು ನನಗೆ ಗೊತ್ತು. ಹೇಳಲಿ. ಬೆಲ್ಲದ ಪಾಕದಲ್ಲಿ ಅಂಟು, ಒಣಕೊಬ್ಬರಿ, ಗೋಡಂಬಿ ಎಲ್ಲ ಒಂದಾಗಿಯೂ ಕಡಿದಾಗ ಯಾವುದು ಯಾವುದೆಂದು ಹಲ್ಲಿಗೆ ತಿಳಿಯುತ್ತದಲ್ಲ, ಈ ಆಲ್ಬಮ್ಮೂ ಹಾಗೆಯೇ. ಅರೆದು ರುಬ್ಬಿದ ಮಿಶ್ರಣ ಅಲ್ಲ ಇದು.

ಈಗ ಆ ಪಾತಾಳದ ದನಿ. ಹೊಸಬರು ಮೊದಲು ಬೆಚ್ಚಿಬೀಳುವುದು ಇಲ್ಲೇ. ಇದೂ ಹಾಡುವುದೇ? ಗಂಟಲು ಹರಿದುಹೋಗುವುದಿಲ್ಲವೇ? ನಮ್ಮ ಗಂಟಲಲ್ಲಿ ಮಾತಿಗೂ ಹಾಡಿಗೂ ದುಡಿಯುವ ಒಂದು ಜೊತೆ ಸ್ವರತಂತುಗಳಿವೆ. ಅವುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಸುಳ್ಳು ಸ್ವರತಂತು ಎಂದು ಅವುಗಳ ಹೆಸರು. ದಿನದ ಮಾತಿನಲ್ಲಿ ಅವು ಸುಮ್ಮನಿರುತ್ತವೆ. ಗುರುಗುಟ್ಟುವ ಗಾಯಕ ಹೊಟ್ಟೆಯ ಉಸಿರನ್ನು ಹದವಾಗಿ ಒತ್ತಿ ಈ ಮೇಲಿನ ಮಡಿಕೆಗಳನ್ನೇ ನಡುಗಿಸುತ್ತಾನೆ. ಬಲ್ಲವನು ಮಾಡಿದರೆ ಗಂಟಲಿಗೆ ಪೆಟ್ಟಿಲ್ಲ. ಅರಿಯದವನು ಮಾಡಿದರೆ ವಾರವಿಡೀ ಸನ್ನೆಯಲ್ಲೇ ಮಾತು. ಗೋಥೆನ್‌ಬರ್ಗ್ ಈ ದನಿಯ ರಾಜಧಾನಿಗಳಲ್ಲಿ ಒಂದು. ಆ್ಯಟ್ ದ ಗೇಟ್ಸ್, ಇನ್ ಫ್ಲೇಮ್ಸ್, ಡಾರ್ಕ್ ಟ್ರ್ಯಾಂಕ್ವಿಲಿಟಿ ಎಂಬ ಮೂರು ತಂಡಗಳು 1990ರ ದಶಕದ ನಡುವಿನಲ್ಲಿ ಅಲ್ಲಿಂದಲೇ ಎದ್ದವು. ಗುರುಗುಟ್ಟುವ ದನಿಯ ಕೆಳಗೆ ಗುನುಗಬಹುದಾದ ಗಿಟಾರಿನ ಧಾಟಿ ಇಟ್ಟು ಜಗತ್ತಿಗೆ ತೋರಿಸಿದವರು ಅವರು.

ಆದರೆ ಬೆಚ್ಚಿಬೀಳಲು ನಮ್ಮೂರಿನವರಿಗೆ ಕಾರಣವೇ ಇಲ್ಲ! ಗುಗ್ಗಳದ ದಿನ ಬೀದಿಯಲ್ಲಿ ನಿಂತಿದ್ದೀರಾ? ಮದುವೆಯ ಮನೆಯವರು ವೀರಭದ್ರನಿಗೆ ಗುಗ್ಗಳದ ಮೆರವಣಿಗೆ ಹೊರಡಿಸುತ್ತಾರೆ, ಕರಡಿ ಮಜಲು ಮುಂದೆ, ಸಮ್ಮಾಳದ ಪೆಟ್ಟು ಜೊತೆಗೆ, ನಡುವೆ ವೀರಭದ್ರನ ಕುಣಿತದ ಪುರವಂತರು. ಕೈಯಲ್ಲಿ ಕತ್ತಿ, ಕಣ್ಣಲ್ಲಿ ಕೆಂಡ. ಒಬ್ಬ ಪುರವಂತ ಹೆಜ್ಜೆ ತುಳಿದು ನಿಂತು ಒಡಪು ಹೇಳಲು ಶುರು ಮಾಡುತ್ತಾನೆ. ದಕ್ಷಬ್ರಹ್ಮನ ಯಜ್ಞ ಕೆಡಿಸಲು ಹೊರಟ ವೀರಭದ್ರನ ಸಿಟ್ಟು ಅವನ ದನಿಯಲ್ಲಿ ಇಳಿಯುತ್ತದೆ. ಅದು ಹಾಡಲ್ಲ, ಮಾತಲ್ಲ, ಎರಡರ ನಡುವೆ ಉರಿಯುವ ಇನ್ನೇನೋ. ಸುತ್ತಲಿನವರು ವೀರನ ಹೆಸರು ಹಿಡಿದು ಕೂಗು ಹಾಕುತ್ತಾರೆ, ಸಮ್ಮಾಳ ಬಡಿಯುತ್ತದೆ, ಮತ್ತೆ ಒಡಪು. ಕೆಲವರು ಶಸ್ತ್ರ ಹಾಕಿಸಿಕೊಳ್ಳುತ್ತಾರೆ, ಕೆನ್ನೆಯಲ್ಲಿ ಹಾಯ್ದ ಲೋಹ ಬಿಸಿಲಿಗೆ ಹೊಳೆಯುತ್ತದೆ. ಅಲ್ಲೇ ಕಟ್ಟೆಯ ಮೇಲೆ ಮಕ್ಕಳು ಚುರುಮುರಿ ತಿನ್ನುತ್ತ ಕೂತಿರುತ್ತಾರೆ. ಒಬ್ಬರೂ ಹೆದರುವುದಿಲ್ಲ. ಈ ಮಕ್ಕಳಿಗೆ ಆಂಡಿ ಸೊಲ್ವೆಸ್ಟ್ರೋಮ್ ಯಾವ ಲೆಕ್ಕ?

ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು, ಅದರಲ್ಲಿ ನಾನು ಪುರವಂತನ ಕಡೆ. ಮೆಟಲ್ಲಿನ ಗುರುಗಾಟದಲ್ಲಿ ಪದಗಳು ಕರಗಿಹೋಗುತ್ತವೆ. ಸಾಹಿತ್ಯದ ಹಾಳೆ ಕೈಯಲ್ಲಿಲ್ಲದಿದ್ದರೆ ಅರ್ಧ ತಿಳಿಯುವುದಿಲ್ಲ. ಒಡಪಿನಲ್ಲಿ ಒಂದಕ್ಷರವೂ ಕಳೆದುಹೋಗಬಾರದು. ಸಿಟ್ಟು ಎಷ್ಟಾದರೂ ಇರಲಿ, ಕಡೆಯ ಸಾಲಿನಲ್ಲಿ ನಿಂತ ಅಜ್ಜಿಗೂ ಮಾತು ಮುಟ್ಟಬೇಕು.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಕಾಕತಾಳೀಯ ಎನ್ನಬಹುದಿತ್ತು. ಆದರೆ ನಿಜವಾದ ಬೆರಗು ಇರುವುದು ಕುಲಗೋಡದಲ್ಲಿ. ಹಳೆಯ ಗೋಕಾಕ ತಾಲ್ಲೂಕಿನ ಈ ಊರು ಕನ್ನಡ ರಂಗಭೂಮಿಗೆ ಕೊಟ್ಟದ್ದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ಆಟವಾಗಿ ಕಟ್ಟಿ ಊರೂರಿಗೆ ಹಬ್ಬಿಸಿದ. ಮುಂದೆ ಅದೇ ಸೀಮೆಯ ಕೌಜಲಗಿಯ ನಿಂಗಮ್ಮ ಅದನ್ನು ಉತ್ತರ ಕರ್ನಾಟಕದ ಮನೆಮಾತು ಮಾಡಿದಳು. ಗಂಡಸರೇ ಸೀರೆ ಉಟ್ಟು ಹೆಣ್ಣಾಗುತ್ತಿದ್ದ ಬಯಲಾಟದ ಲೋಕದಲ್ಲಿ ಒಬ್ಬ ಹೆಣ್ಣುಮಗಳ ಹೆಸರಿನ ಮೇಲೆ ಆಟ ನಿಲ್ಲುವುದೆಂದರೆ ಏನು ಎಂದು ಯೋಚಿಸಿ!

ಕಥೆ ನಿಮಗೆ ಗೊತ್ತಿದ್ದದ್ದೇ. ನಾರದ ಸ್ವರ್ಗದಿಂದ ಒಂದು ಪಾರಿಜಾತದ ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ, ಮುಗಿಯಿತು. ಒಂದು ಹೂವಿಗಾಗಿ ರಾತ್ರಿಯಿಡೀ ಮುನಿಸು, ಬೆಳಗಿನ ಜಾವದವರೆಗೆ ಓಲೈಕೆ. ಆದರೆ ಕಥೆ ಬಿಟ್ಟು ದನಿಗಳಿಗೆ ಕಿವಿಗೊಡಿ. ಭಾಮೆ ಎತ್ತಿಕೊಳ್ಳುವ ಪದದಲ್ಲಿ ಹಿಂದೂಸ್ತಾನಿ ರಾಗದ ನೆರಳಿದೆ, ಪೇಟಿ ಅವಳ ಬೆನ್ನಿಗಿದೆ, ತಬಲಾ ಇದೆ. ಮರುಗಳಿಗೆಗೆ ಅದೇ ಪದ ಹಳ್ಳಿಯ ಮಟ್ಟಿಗೆ ಜಾರುತ್ತದೆ, ಬೀಸುವ ಕಲ್ಲಿನ ಮುಂದೆ ಕೂತವರ ಧಾಟಿಗೆ. ನಾರದನದು ಭಜನೆಯ ಧಾಟಿ. ಇಷ್ಟರ ನಡುವೆ ಭಾಗವತ. ಅವನು ಹಿಮ್ಮೇಳದ ಮುಖ್ಯಸ್ಥ, ಕಥೆ ನಡೆಸುವವನು. ಹಾಡುತ್ತ ಹಾಡುತ್ತಲೇ, ವೇಷ ಕೂಡ ಬದಲಿಸದೆ, ಭಾಮೆಯ ದೂತಿ ಆಗಿಬಿಡುತ್ತಾನೆ! ಈಗಷ್ಟೇ ಗಂಭೀರವಾಗಿ ಹಾಡಿದ ಗಂಟಲಿನಿಂದ ಗೋಕಾಕದ ಸಂತೆಯ ಮಾತು ಉದುರುತ್ತದೆ: ಚೇಷ್ಟೆ, ಚುಚ್ಚುಮಾತು, ಕೃಷ್ಣನಿಗೇ ಬೈಗುಳ. ಜನ ಹೊಟ್ಟೆ ಹಿಡಿದು ನಗುತ್ತಿರುವಾಗ ಅವನು ಸದ್ದಿಲ್ಲದೆ ಭಾಗವತನಾಗಿ ಮುಂದಿನ ಪದ ಎತ್ತಿಕೊಂಡಿರುತ್ತಾನೆ.

ಶಾಸ್ತ್ರೀಯ, ಜಾನಪದ, ಭಜನೆ, ಬರಿಯ ಮಾತು. ಒಂದೇ ಆಟದಲ್ಲಿ, ಒಂದೇ ಪಾತ್ರಕ್ಕೆ, ಕೆಲವೊಮ್ಮೆ ಒಂದೇ ಗಂಟಲಲ್ಲಿ. ಯಾರಾದರೂ ಎದ್ದು ನಿಂತು ‘ಇದು ಶುದ್ಧ ಹಿಂದೂಸ್ತಾನಿ ಅಲ್ಲ’ ಎಂದರೇ? ‘ಇದು ಶುದ್ಧ ಬಯಲಾಟ ಅಲ್ಲ’ ಎಂದು ಗೊಣಗಿದರೇ? ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಸೀಮೆಗೆ ಮರಾಠಿ ನಾಟಕದ ಗಾಳಿ ಬಡಿಯುತ್ತಿತ್ತು, ಘರಾಣೆಗಳ ಗಾಳಿ ಬಡಿಯುತ್ತಿತ್ತು, ಸವದತ್ತಿಯ ಎಲ್ಲಮ್ಮನ ಚೌಡಿಕೆ ದಿನವೂ ಕಿವಿಗೆ ಬೀಳುತ್ತಿತ್ತು. ಸಿಕ್ಕದ್ದನ್ನೆಲ್ಲ ಎತ್ತಿಕೊಂಡು ಆಟ ಕಟ್ಟಿದರು.

ಅಮರಾಂತ್ ಆಲ್ಬಮ್ಮಿನ ‘ಹಂಗರ್’ ಹಾಡನ್ನು ಪಾರಿಜಾತ ನೋಡಿ ಬೆಳೆದ ಯಾವ ಅಜ್ಜನ ಕಿವಿಗಾದರೂ ಹಚ್ಚಿ ನೋಡಿ. ಇಂಗ್ಲಿಷ್ ತಿಳಿಯದಿದ್ದರೂ ಅವನು ಪಾತ್ರ ಹಂಚಿಕೊಟ್ಟುಬಿಟ್ಟಾನು: ಈಕಿ ಭಾಮೆ, ಇಂವ ಕೃಷ್ಣ, ಆ ಗುರ್ ಅನ್ನಾಂವ ಯಾವುದೋ ರಕ್ಕಸ. ದೊಡ್ಡಾಟದಲ್ಲಿ ರಾಕ್ಷಸ ವೇಷದ ಪ್ರವೇಶ ಕಂಡವರಿಗೆ ಆ ಮೂರನೆಯ ದನಿ ಎಲ್ಲಿ ಬರಬೇಕು, ಎಷ್ಟು ಹೊತ್ತು ಇರಬೇಕು, ಯಾಕೆ ಬೇಗ ಹೋಗಬೇಕು ಎಂಬುದೂ ಗೊತ್ತು. ಆಮೇಲೆ ಅಜ್ಜ ಕೇಳುವ ಪ್ರಶ್ನೆಯನ್ನೂ ನಾನು ಊಹಿಸಬಲ್ಲೆ: ‘ಎಲ್ಲಾ ಖರೇ ತಮ್ಮಾ, ಇದರಾಗ ದೂತಿ ಯಾರು?’

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಗೀಗೀ ಮೇಳವನ್ನು ದಾಟಿಹೋಗುವ ಹಾಗಿಲ್ಲ. ಮುಂದೆ ನಿಂತು ದಪ್ಪು ಬಡಿಯುತ್ತ ಹಾಡುವ ಒಬ್ಬರು, ಹಿಂದೆ ತುಂತುಣಿ ಮತ್ತು ತಾಳ ಹಿಡಿದು ಸೊಲ್ಲು ಎತ್ತಿಕೊಳ್ಳುವವರು. ಹರದೇಶಿ-ನಾಗೇಶಿ ಎಂದರೆ ಇಂಥ ಎರಡು ಮೇಳಗಳ ಜಿದ್ದು. ಒಂದು ಮೇಳ ಗಂಡು ಹೆಚ್ಚು ಎಂದು ಹಾಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎಂದು ತಿರುಗಿ ಹಾಡುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಜಾತ್ರೆಗಳಲ್ಲಿ ಈ ವಾದ ಬೆಳಗಾದರೂ ತೀರುವುದಿಲ್ಲ, ತೀರಬೇಕೆಂಬ ಆಸೆ ಯಾರಿಗೂ ಇಲ್ಲ. ‘1,000,000 ಲೈಟ್‌ಇಯರ್ಸ್’ ಹಾಡಿನಲ್ಲಿ ಎಲೀಸ್ ಮತ್ತು ಜೇಕ್ ಸಾಲು ಸಾಲಿಗೆ ಒಬ್ಬರ ಬಾಯಿಂದ ಒಬ್ಬರು ಕಸಿದುಕೊಳ್ಳುವಾಗ ನನ್ನ ಬೆರಳು ತಾನಾಗಿ ದಪ್ಪಿನ ಪೆಟ್ಟು ಹಾಕುತ್ತಿತ್ತು.

ನಾನು ಈ ಆಲ್ಬಮ್ ಕೇಳಿದ್ದು ಹುಕ್ಕೇರಿಯಿಂದ ಗೋಕಾಕಕ್ಕೆ ಹೋಗುವ ದಾರಿಯಲ್ಲಿ, ಕಬ್ಬು ನುರಿಸುವ ಹಂಗಾಮಿನಲ್ಲಿ. ಮುಂದೊಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಕಬ್ಬಿನ ಗುಡ್ಡ. ಡ್ರೈವರನ ತಲೆಯ ಹಿಂದೆ ಆಳೆತ್ತರದ ಸ್ಪೀಕರು. ಕಾರಿನಲ್ಲಿ ಹಚ್ಚಿದ್ದ ಸ್ವೀಡನ್ನಿನ ಹಾಡು ಟ್ರ್ಯಾಕ್ಟರಿನ ಹಾಡಿಗೆ ಸಿಕ್ಕು ನುಚ್ಚುನೂರಾಯಿತು. ಬೈಯಬೇಕೆಂದು ಗಾಜು ಇಳಿಸಿದೆ. ಇಳಿಸಿದ ಕೈ ಹಾಗೇ ನಿಂತಿತು. ಅಲ್ಲಿ ಹಾಡುತ್ತಿದ್ದುದು ಜಾನಪದ ಧಾಟಿಯ ಪ್ರೇಮದ ಹಾಡು, ಅದರ ಕೆಳಗೆ ಹಲಗಿ, ಹಲಗಿಯ ಕೆಳಗೆ ಅದೇ ತಪ್ಪದ ಕಿಕ್ಕು, ಅದೇ ಉಬ್ಬಿ ಇಳಿಯುವ ಸಿಂಥ್. ಟ್ರಾನ್ಸ್! ಮೂಡಲಗಿ ಕಡೆಯ ಹೊಲಗಳ ನಡುವೆ, ಹಾಡಹಗಲು, ಟ್ರಾನ್ಸ್!

ಇದನ್ನು ಅಲ್ಲಿಯ ಹುಡುಗರಿಗೆ ವಿವರಿಸಿ ಹೇಳಬೇಕಿಲ್ಲ. ಅವರ ಪೆನ್‌ಡ್ರೈವುಗಳಲ್ಲಿ ಒಂದೇ ಹಾಡಿಗೆ ಹಲಗಿ ಮಿಕ್ಸ್, ಡೊಳ್ಳು ಮಿಕ್ಸ್, ಟ್ರಾನ್ಸ್ ಮಿಕ್ಸ್ ಎಂದು ಬೇರೆ ಬೇರೆ ಅವತಾರಗಳಿರುತ್ತವೆ. ಒಂದು ಲ್ಯಾಪ್‌ಟಾಪು, ಒಂದು ಮೈಕು, ಮನೆಯ ಹಿಂದಿನ ಖೋಲಿ, ಇಷ್ಟಿದ್ದರೆ ಸ್ಟುಡಿಯೊ. ಗಡಿಯಾಚೆಯ ಕೊಲ್ಹಾಪುರ, ಇಚಲಕರಂಜಿಯ ಡಿಜೆಗಳಿಂದ ಒಂದಿಷ್ಟು ಕಲಿತರು, ಸಿನಿಮಾದಿಂದ ಒಂದಿಷ್ಟು, ಉಳಿದದ್ದು ಜಾತ್ರೆಯ ನೆಲದಿಂದ. ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು ಈ ಸೀಮೆಯ ಮಣ್ಣಿನಿಂದ ಎದ್ದು ಕರ್ನಾಟಕವನ್ನೆಲ್ಲ ಕುಣಿಸಿತಲ್ಲ, ಅದಕ್ಕೆ ದೊಡ್ಡ ಕಂಪನಿ ಬೇಕಾಗಲಿಲ್ಲ, ಫೋನು ಸಾಕಾಯಿತು. (ಟ್ರ್ಯಾಕ್ಟರಿನ ಸೌಂಡು ಎಷ್ಟಿರಬೇಕು ಎಂಬ ವಿಷಯದಲ್ಲಿ ನಾನು ಪೊಲೀಸರ ಕಡೆಗೇ ಇದ್ದೇನೆ. ಹಿಂದಿನ ಗಾಡಿಯ ಹಾರ್ನು ಕೇಳದ ಡ್ರೈವರನ ಹಿಂದೆ ಹೋಗುವುದು ಯಾವ ಸಂಗೀತಪ್ರೇಮಿಗೂ ಬೇಡ.)

ಕರೆಂಟಿನ ಮಾತು ಬಂದರೆ ಈ ಸೀಮೆಯ ಎದುರು ಗೋಥೆನ್‌ಬರ್ಗು ತಲೆ ಬಾಗಬೇಕಾದೀತು! ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮ್ಮಿಕ್ಕುವ ಗೋಕಾಕ ಜಲಪಾತದ ತಲೆಯ ಮೇಲೆಯೇ ಹತ್ತೊಂಬತ್ತನೆಯ ಶತಮಾನದ ಹತ್ತಿ ಗಿರಣಿ ನಿಂತಿದೆ. ಅಲ್ಲಿ 1887ರಲ್ಲೇ ನೀರಿನಿಂದ ವಿದ್ಯುತ್ತು ತೆಗೆದರೆಂದು ಊರು ಇಂದಿಗೂ ಎದೆಯುಬ್ಬಿಸಿ ಹೇಳುತ್ತದೆ. ಹುಕ್ಕೇರಿಯದು ಇನ್ನೊಂದು ಬಗೆಯ ಬೆರಗು: 1969ರಿಂದ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ, ಮನೆಗೆ, ಹೊಲದ ಪಂಪಿಗೆ ಕರೆಂಟು ಹಂಚುವುದು ಗ್ರಾಹಕರದೇ ಸಂಘ. ಡಿಜೆಯ ಆಂಪ್ಲಿಫೈಯರಿಗೂ ಅದೇ ಕರೆಂಟು. ಎಲೆಕ್ಟ್ರಾನಿಕ್ ಸಂಗೀತದ ಇತಿಹಾಸ ಬರೆಯುವವರು ಯಾರೂ ಇಲ್ಲಿಗೆ ಬರಲಿಲ್ಲ, ಅಷ್ಟೇ.

ಇನ್ನು ಪಾಪ್. ಸ್ವೀಡನ್ನಿಗೂ ಪಾಪ್‌ಗೂ ಇರುವ ನಂಟು ಹಳೆಯದು. ಆ್ಯಬಾ ತಂಡದಿಂದ ಹಿಡಿದು ಅಲ್ಲಿನವರು ಗುನುಗುವ ಪಲ್ಲವಿಯನ್ನು ಕುಶಲ ಕೈಗಾರಿಕೆಯ ಹಾಗೆ ಬೆಳೆಸಿದ್ದಾರೆ. ಬ್ರಿಟ್ನಿ ಸ್ಪಿಯರ್ಸ್‌ಳ ಮೊದಲ ಜಗತ್ಪ್ರಸಿದ್ಧ ಹಾಡು ಬರೆದ ಮ್ಯಾಕ್ಸ್ ಮಾರ್ಟಿನ್ ಸ್ಟಾಕ್‌ಹೋಮಿನವನು, ಮತ್ತು ಕೇಳಿ, ಅದಕ್ಕೂ ಮೊದಲು ಅವನು ಇಟ್ಸ್ ಅಲೈವ್ ಎಂಬ ಮೆಟಲ್ ತಂಡದಲ್ಲಿ ಹಾಡುತ್ತಿದ್ದವನು! ಪಾಪಿನ ಪಲ್ಲವಿಯೂ ಮೆಟಲ್ಲಿನ ರಿಫ್ಫೂ ಅಲ್ಲಿ ಎಂದಿನಿಂದಲೋ ಒಂದೇ ಓಣಿಯ ಮಕ್ಕಳು. ಹಾಗಿದ್ದೂ ಅಮರಾಂತ್ ಬಂದಾಗ ಮೆಟಲ್ ಮಡಿವಂತರು ಮೂಗು ಮುರಿದರು. ಇದು ಡಿಸ್ಕೊ, ಇದು ಚಾಕೊಲೇಟು, ಗಿಟಾರಿಗೆ ಅಪಮಾನ. ಮೆಟಲ್ಲಿಗೆ ಪಾಪ್ ಮುಟ್ಟಿದರೆ ಮೈಲಿಗೆ, ಟ್ರಾನ್ಸ್ ಮುಟ್ಟಿದರೆ ಸೂತಕ.

ನನ್ನ ಮಾತು ಇಷ್ಟೇ: ಈ ಸಿಟ್ಟು ಕುಲಗೋಡದವರಿಗೆ ಅರ್ಥವಾಗುವುದಿಲ್ಲ. ರಾಗದಿಂದ ಲಾವಣಿಯ ಮಟ್ಟಿಗೆ, ಮಟ್ಟಿನಿಂದ ಮಾತಿಗೆ, ಮಾತಿನಿಂದ ಮತ್ತೆ ರಾಗಕ್ಕೆ ಜಿಗಿಯುವುದನ್ನೇ ಆಟ ಎಂದು ನೋಡಿದವರು ಅವರು. ಎಲ್ಲಿಂದ ಎಲ್ಲಿಗೆ ಜಿಗಿದೆ ಎಂದು ಕೇಳುವುದಿಲ್ಲ. ಜಿಗಿದು ಕಾಲೂರಿ ನಿಂತೆಯಾ ಇಲ್ಲವಾ ಎಂದು ನೋಡುತ್ತಾರೆ. ಮಡಿವಂತ ವಿಮರ್ಶಕನಿಗಿಂತ ಇದು ಕಠಿಣ ಪರೀಕ್ಷೆ. ಆ ಪರೀಕ್ಷೆಯಲ್ಲಿ ಅಮರಾಂತ್‌ನ ಎಲ್ಲ ಹಾಡೂ ಪಾಸಾಗುವುದಿಲ್ಲ. ಒಂದರ ಹಿಂದೊಂದು ಹಾಡಿನ ಅಚ್ಚು ಒಂದೇ ಆಗುತ್ತ ಹೋಗುತ್ತದೆ: ಇಲ್ಲಿ ಗುರುಗಾಟ, ಇಲ್ಲಿ ಪಲ್ಲವಿ, ಇಲ್ಲಿ ಗಿಟಾರಿನ ತಿರುವು. ಆಲ್ಬಮ್ಮಿನ ನಡುವೆ ಒಂದು ಕಡೆ ಜಿಗಿತ ಮೊದಲೇ ಗೊತ್ತಾಗಿಬಿಡುತ್ತದೆ. ಮುದ್ರಣ ಎಷ್ಟು ನುಣುಪು ಎಂದರೆ ಗಾಯಕರು ಉಸಿರು ಎಳೆದುಕೊಳ್ಳುವ ಸದ್ದೂ ಸಿಗುವುದಿಲ್ಲ. ಪಾರಿಜಾತದ ಭಾಮೆ ಕೆಮ್ಮಿದ್ದೂ ನಮಗೆ ಕೇಳುತ್ತದೆ. ಆದರೆ ‘ಅಮರಾಂತೈನ್’ ಎಂಬ ನಿಧಾನದ ಹಾಡಿನಲ್ಲಿ ವೇಗವೆಲ್ಲ ತಗ್ಗಿ ಎಲೀಸ್ ಒಬ್ಬಳೇ ಮುಂದೆ ಬಂದು ನಿಂತಾಗ, ಆಮೇಲೆ ‘ಡೈರೆಕ್ಟರ್ಸ್ ಕಟ್’ನಲ್ಲಿ ಹಾಡು ಮೂರ್ನಾಲ್ಕು ಮುಖ ತಿರುಗಿಸಿದಾಗ, ಆಹಾ, ಕಾಲೂರಿ ನಿಂತರು ಅನ್ನಿಸುತ್ತದೆ.

ನನ್ನನ್ನು ತೀರಾ ಬೆರಗುಗೊಳಿಸಿದ್ದು ಮುಂದೆ ಆ ತಂಡಕ್ಕೆ ಆದದ್ದು. 2013ರಲ್ಲಿ ಗುರುಗುಟ್ಟುವ ಆಂಡಿ ಹೊರಟುಹೋದ. ಹೆನ್ರಿಕ್ ಎಂಗ್ಲುಂಡ್ ಬಂದ. 2017ರಲ್ಲಿ ಜೇಕ್ ಹೊರಟ. ನಿಲ್ಸ್ ಮೊಲಿನ್ ಬಂದ. ಆಮೇಲೆ ಹೆನ್ರಿಕ್ಕೂ ಹೊರಟು ಮಿಕಾಯೆಲ್ ಸೇಲಿನ್ ಬಂದ. 2024ರ ‘ದ ಕೆಟಲಿಸ್ಟ್’ ಆಲ್ಬಮ್ಮಿನಲ್ಲಿ ಕೇಳುವುದು ಅವನ ದನಿ. ಮೊದಲ ಆಲ್ಬಮ್ಮಿನ ಮೂವರಲ್ಲಿ ಉಳಿದವಳು ಎಲೀಸ್ ಒಬ್ಬಳೇ. ಸಾಮಾನ್ಯವಾಗಿ ಗಾಯಕ ಬಿಟ್ಟರೆ ತಂಡದ ಕಥೆ ಮುಗಿಯಿತು. ಇಲ್ಲಿ ಮುಗಿಯಲಿಲ್ಲ, ಯಾಕೆಂದರೆ ಇಲ್ಲಿರುವುದು ವೇಷಗಳು! ಪಾರಿಜಾತದ ಮೇಳದಲ್ಲಿ ಕೃಷ್ಣನ ಪಾತ್ರದವನು ಬೇರೆ ಮೇಳಕ್ಕೆ ಹೋದರೆ ಇನ್ನೊಬ್ಬ ಕಿರೀಟ ಇಟ್ಟುಕೊಳ್ಳುತ್ತಾನೆ, ಭಾಮೆಯ ಮುನಿಸು ನಿನ್ನೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹೆವಿ ಮೆಟಲ್ಲಿನಂಥ ವ್ಯಕ್ತಿಪೂಜೆಯ ಲೋಕದಲ್ಲಿ ಒಂದು ತಂಡ ಬಯಲಾಟದ ಮೇಳದ ಹಾಗೆ ಬದುಕಿದೆಯಲ್ಲ!

ಈಗ ಅಜ್ಜನ ಪ್ರಶ್ನೆ. ಇದರಾಗ ದೂತಿ ಯಾರು? ಹನ್ನೆರಡೂ ಹಾಡು ಹುಡುಕಿದೆ. ಇಲ್ಲ. ಪ್ರೀತಿ ಇದೆ, ವಿರಹ ಇದೆ, ಆವೇಶ ಇದೆ, ನಗುವವರು ಒಬ್ಬರೂ ಇಲ್ಲ. ಮೂರು ಗಂಟಲೂ ತಮ್ಮ ಸಂಕಟವನ್ನು ಪೂರ್ತಿ ನಂಬಿವೆ. ಈ ಕೊರತೆ ತುಂಬುವ ಕೆಲಸ ಗೋಥೆನ್‌ಬರ್ಗಿನಿಂದ ಆಗುವುದಿಲ್ಲ. ಮೂಡಲಗಿಯ ಹಿಂದಿನ ಖೋಲಿಯ ಹುಡುಗ ಎಂದಾದರೂ ಒಂದು ಆಲ್ಬಮ್ ಮಾಡಲಿ: ಪುರವಂತನ ಒಡಪು ಒಂದು ಟ್ರ್ಯಾಕಿನಲ್ಲಿ, ಕೌಜಲಗಿಯ ಧಾಟಿಯ ಭಾಮೆ ಇನ್ನೊಂದರಲ್ಲಿ, ಕೆಳಗೆ ಸಮ್ಮಾಳ ಮತ್ತು ಸೂಪರ್‌ಸಾ, ಮೇಲೆ ಗಿಟಾರು. ಭಾಮೆಯ ಮುನಿಸು ತಾರಕಕ್ಕೆ ಏರಿ, ಸಿಂಥ್ ಇನ್ನೇನು ಒಡೆಯಬೇಕು, ಜನ ಕೈ ಮೇಲೆತ್ತಿ ಕಾಯುತ್ತಿರುವ ಆ ಗಳಿಗೆಯಲ್ಲಿ ಎಲ್ಲ ವಾದ್ಯ ಒಮ್ಮೆಲೇ ನಿಂತು, ಭಾಗವತ ಮೈಕಿಗೆ ಬಾಯಿ ಹಚ್ಚಿ ಕೇಳಬೇಕು: ‘ಏ ಕೃಷ್ಣಪ್ಪಾ, ಹೂವಿನ ನ್ಯಾಯ ಆಮ್ಯಾಲ ಹರಿಯೂಣು. ಮೊದಲ ಹೇಳು, ಜನರೇಟರಿಗೆ ಡೀಸೆಲ್ ಯಾರ ಹಾಕ್ಯಾರು?’